ಹಿಟ್ಟು ಮೆತ್ತಿದ ಬೆರಳು

ಟಿಬಿಲಿಸಿಯಲ್ಲಿ ಇನ್ನೂ ಬೆಳಕಾಗಿಲ್ಲ.
ಬೀದಿಗಿಂತ ಏಳು ಮೆಟ್ಟಿಲು ಕೆಳಗೆ ನಮ್ಮ ಬೇಕರಿ.
ಕಿಟಕಿಯಲ್ಲಿ ಬರೀ ಕಾಲುಗಳು,
ಬೂಟು ನೋಡಿ ಗಿರಾಕಿಯ ಗುರುತು ಹಿಡಿಯುತ್ತೇನೆ.

ಐದೂ ಹತ್ತಕ್ಕೆ ಕಳಿಸಿದ್ದು: ಘಟ್ಟ ದಾಟಿದೆಯಾ?
ಈಗ ಆರೂ ನಲವತ್ತು.
ಎರಡು ಗೀಟು ಬಿದ್ದಿವೆ, ಬೂದಿ ಬಣ್ಣದವು.

ವಾಝಾ ಕಜ್ಬೇಗಿಯ ದಾರಿಯಲ್ಲಿ ವ್ಯಾನು ಓಡಿಸುತ್ತಾನೆ.
ತಿರುವಿನಲ್ಲಿ ಫೋನು ಮುಟ್ಟಬೇಡ ಅಂತ
ಅವನಿಗೆ ಆಣೆ ಹಾಕಿದವಳೂ ನಾನೇ.
ಗೊತ್ತು. ಎಲ್ಲ ಗೊತ್ತು.
ಗೊತ್ತಿರುವುದು ತಲೆಗೆ; ಹೊಟ್ಟೆಗೆ ಯಾರು ಹೇಳಬೇಕು?

ಮುಟ್ಟಿದೆ ಅಂದರೆ ಸಿಗ್ನಲ್ ಇತ್ತು. ಇತ್ತಲ್ಲ?
ನಿನ್ನೆ ರಾತ್ರಿ ಬರೀ "ಸರಿ" ಅಂದ,
ಮೊನ್ನೆಯ "ಸರಿ"ಗೆ ಬಾಲದಲ್ಲೊಂದು ನಗು ಇತ್ತು.
ಆ ನಗು ಎಲ್ಲಿ ಹೋಯಿತು ಅಂತ
ಮೇಲಕ್ಕೆ, ಇನ್ನೂ ಮೇಲಕ್ಕೆ ತಿಕ್ಕುತ್ತ
ಮಾರ್ಚ್ ತಿಂಗಳವರೆಗೂ ಹೋಗಿ ಬಂದೆ.
ಹಿಟ್ಟಿನ ಬೆರಳನ್ನು ಗಾಜು ಒಪ್ಪುವುದಿಲ್ಲ;
ಒರೆಸಿ ಒರೆಸಿ ಏಪ್ರನ್ನಿನ
ಬಲಮಗ್ಗುಲೆಲ್ಲ ಬೆಳ್ಳಗಾಗಿದೆ.

ಬರೆದೆ: ಕೋಪವಾ?
ಅಳಿಸಿದೆ.
ಬರೆದೆ: ಏನಿಲ್ಲ, ಸುಮ್ಮನೆ ಕೇಳಿದೆ.
ಏನನ್ನೂ ಕೇಳಿರಲೇ ಇಲ್ಲವಲ್ಲ. ಅಳಿಸಿದೆ.

ಇಪ್ಪತ್ತು ರೊಟ್ಟಿ ಬಡಿಯುವವರೆಗೂ ನೋಡುವುದಿಲ್ಲ ಅಂತ
ಉಪ್ಪಿನ ಡಬ್ಬದ ಹಿಂದೆ ಇಟ್ಟೆ ಫೋನನ್ನು.
ಒಂಬತ್ತನೆಯದಕ್ಕೆ ನೋಡಿದೆ.
"ಏತೆರಿ, ನೋಡಿದರೆ ಬೇಗ ಬೇಯುತ್ತಾ?" ಅಂದ ಗುರಾಮ್ ಮೇಸ್ತ್ರಿ.
ರೊಟ್ಟಿಯ ಬಗ್ಗೆಯೇ ಅಂದದ್ದಿರಬೇಕು.

ನನಗಾಗ ಏಳು ವರ್ಷ. ಅಮ್ಮ ಥೆಸಲೋನಿಕಿಯಲ್ಲಿ
ಯಾರದೋ ಮುದಿ ತಾಯಿಯ ತಲೆ ಬಾಚುತ್ತಿದ್ದಳು.
ಭಾನುವಾರ ನಾಲ್ಕಕ್ಕೆ ಫೋನು.
ಮೂರಕ್ಕೇ ಸ್ಟೂಲೆಳೆದು ಅದರ ಪಕ್ಕ ಕೂರುತ್ತಿದ್ದೆ,
ಉಚ್ಚೆ ಬಂದರೂ ಏಳದೆ.
ಒಂದು ಭಾನುವಾರ ಅದು ರಿಂಗಾಗಲಿಲ್ಲ.
ಕಾರ್ಡಿನ ದುಡ್ಡು ಮುಗಿದಿತ್ತಂತೆ, ಅಷ್ಟೇ,
ಮುಂದಿನ ವಾರ ನಗುನಗುತ್ತ ಹೇಳಿದಳು.
ನಾನು ಮಾತ್ರ ಆ ಸ್ಟೂಲಿನಿಂದ ಇನ್ನೂ ಎದ್ದಿಲ್ಲ.

ಏಳೂ ಕಾಲು. ಉಪ್ಪಿನ ಡಬ್ಬ ಗುರ್ರೆಂದಿತು.
"ದಾಟಿದೆ. ಹಿಮ. ಹಸಿವು."
ಮೂರೇ ಮಾತು. ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತೆ.
ಆಮೇಲೆ ನಾಚಿಕೆ: ಇಷ್ಟಕ್ಕೇನಾ?
ಆಮೇಲೆ ಸಿಟ್ಟು: ನಾನೂ ಒಂದು ಗಂಟೆ ಕಾಯಿಸುತ್ತೇನೆ.

ಕಾಯಿಸಲಿಲ್ಲ. ಕೈ ತೊಳೆದೆ,
ಉಗುರ ಸಂದಿಯದನ್ನೂ ಬಿಡದೆ. ಬರೆದೆ:
ನೀನು ತಡಮಾಡಿದಾಗ ನಾನು ಏಳು ವರ್ಷದವಳಾಗುತ್ತೇನೆ.
ತಪ್ಪು ನಿನ್ನದಲ್ಲ. ಗೊತ್ತಿರಲಿ ಅಂತ.

ಹೋಯಿತು. ಎರಡು ಗೀಟು. ಬೂದಿ.

ಕಿಟಕಿಯಲ್ಲಿ ಕಂದು ಬೂಟು: ಮ್ಝಿಯಾ ಅಜ್ಜಿಗೆ ಎರಡು ರೊಟ್ಟಿ.
ಮಣ್ಣೊಲೆಯ ಬಾಯಿಗೆ ಸೊಂಟದವರೆಗೂ ಬಗ್ಗಿ
ಕಾದ ಗೋಡೆಗೆ ಹಿಟ್ಟು ಬಡಿದೆ.
ಬೇಯುವವರೆಗೂ ಅಂಟಿಕೊಂಡಿರುತ್ತದೆ,
ಬೆಂದ ಮೇಲೆ ತಾನಾಗಿ ಬಿಡುತ್ತದೆ, ಅನ್ನುತ್ತಾನೆ ಗುರಾಮ್.
ಕೆಲವು ಬಿಡುವುದಿಲ್ಲ.
ಅವಕ್ಕೆ ಸಲಾಕೆ ಇದೆ, ಮೆಲ್ಲಗೆ ಎಬ್ಬಬೇಕು.