ಆರೂವರೆ ಇಂಚು

ಹಳೇ ಪಿ.ಬಿ. ರಸ್ತೆ, ದಾದಾಪೀರನ ಅಂಗಡಿ ಮುಂದೆ
ನನ್ನ ವ್ಯಾಗನಾರ್ ಬಾಗಿಲು ಬಿಚ್ಚಿಕೊಂಡು ನಿಂತಿದೆ,
ಹಲ್ಲುಸೆಟ್ಟು ತೆಗೆದಿಟ್ಟ ಬಾಯಿಯ ಹಾಗೆ.
ಒಳಗೆ ಸಿಕ್ಕಿದ್ದು ಒಂದು ಹೇರ್‌ಪಿನ್ನು, ಎಂಟಾಣೆ,
ಹಿಂದಿನ ಮಾಲೀಕನ ಕಾಲದ ಟೋಲ್ ಚೀಟಿ,
ಮತ್ತೆ, ಅಂಚೆಲ್ಲ ಪುಡಿಯಾದ ಕಂಪನಿ ಸ್ಪೀಕರು.
ಬೆರಳಿಟ್ಟರೆ ಕಟಕ್ ರೊಟ್ಟಿಯಂತೆ ಉದುರಿತು.

"ಯಾವಾಗ ಹೋಗಿದ್ದಿದು, ಹಾಲಪ್ಪಣ್ಣ?"
ನನಗೇನು ಗೊತ್ತು.
ಕೊಟ್ರಮ್ಮ ಕಳಿಸಿದಳು, ಬಂದೆ.
ಬಾಗಿಲೊಳಗೆ ಯಾರೋ ಗೋಣಿಚೀಲ ಹರಿಯುತ್ತಾರೆ ಅಂತ
ಆರು ತಿಂಗಳಿಂದ ಅವಳಿಗೆ ಕೇಳುತ್ತಿತ್ತಂತೆ.

ಹದಿನೇಳು ವರ್ಷ ಮಿಲ್ಲಿನ ಶೆಡ್ಡಿನಲ್ಲಿ
ಎರಡು ಸಾಲು ಮಗ್ಗದ ನಡುವೆ ನಿಂತ ಕಿವಿ ಇದು.
ಮೊದಲು ಹೋದದ್ದು ಗುಬ್ಬಿ.
ಆಮೇಲೆ ಕುಕ್ಕರಿನ ಸೀಟಿ, ಮಗಳ ಗೆಜ್ಜೆ,
ಕೊನೆಗೆ ಮಾತಿನೊಳಗಿನ ಸ, ಶ.
"ಸಾರು ಬೇಕಾ" ಅಂದದ್ದು "ಆರು ಬೇಕಾ" ಎಂದು ಕೇಳಿ
ಹೂಂ ಅಂದು, ಆರು ರೊಟ್ಟಿ ತಿಂದು ಎದ್ದಿದ್ದೇನೆ.
ಮಿಲ್ಲು ಮುಚ್ಚಿದ ದಿನ ಸದ್ದು ನನ್ನ ಜೊತೆ ಮನೆಗೆ ಬಂತು.
ಲೆಕ್ಕ ಚುಕ್ತಾ ಮಾಡುವಾಗ
ಅದನ್ನು ಮಾತ್ರ ಯಾರೂ ವಾಪಸು ಕೇಳಲಿಲ್ಲ.

ದಾದಾಪೀರ ಡಬ್ಬ ಜೋಡಿಸಿದ.
ಮೇಲೆ ಬೆಂಕಿ ಬಣ್ಣದಲ್ಲಿ ಮುನ್ನೂರು ವಾಟು.
"ಅದು ಕೂಗಾಡೋ ನಂಬರು. ದುಡಿಯೋ ನಂಬರು
ಹಿಂದ್ಗಡೆ ಐತಿ ನೋಡ್ರಿ, ಸಣ್ಣಕ್ಷರದಾಗೆ. ನಲವತ್ತೈದು."
ನಮ್ಮ ಜಾಬರ್ ಒಬ್ಬ ನೆನಪಾದ.
"ಮ್ಯಾಗ್ನೆಟ್ ದಪ್ಪ ಆತೋ, ಗ್ಲಾಸ್ ಇಳಿಸಿದಾಗ ತಾಗತೈತಿ.
ಆಂಪ್ ಹಾಕ್ಸಲ್ಲ ಅಂದ್ಮ್ಯಾಲೆ, ಕಮ್ಮಿ ಕರೆಂಟಿಗೇ
ಬಾಯಿ ಬಿಡೋ ಅಂಥಾದ್ದು ತಗಳ್ರಿ."
ಇದು ಕೇಳ್ರಿ, ಈಗ ಇದು, ಎಂದು ಸ್ವಿಚ್ಚು ಬದಲಿಸಿದ.
ನಡುವೆ ಕೂತ ಬೆಳ್ಳಿ ಗುಂಡಿಯಿಂದ ಏನು ಬಂತೋ,
ಅವನು ಕಣ್ಣು ಮುಚ್ಚಿ ತಲೆದೂಗಿದ.
ನಾನು ಅವನ ಮುಖ ನೋಡಿ ತಲೆದೂಗಿದೆ.

ಹುಡುಗ ಪೇಪರಿನಲ್ಲಿ ಮಂಡಕ್ಕಿ, ಎರಡು ಮಿರ್ಚಿ ತಂದ.
ಕೈ ಜಾರಿ ಒಂದಿಷ್ಟು, ಅಂಗಾತ ಮಲಗಿದ್ದ
ಸ್ಪೀಕರಿನ ಬೋಗುಣಿಗೆ ಬಿದ್ದವು.
ಕುಣಿದವು.
ಅವನು ಊದಿ ಒರೆಸಲು ಹೋದ. ತಡಿ, ಅಂದೆ.

ಮೊದಲನೆಯದರಲ್ಲಿ ಮಂಡಕ್ಕಿ ಒಂದೇ ಮಗ್ಗುಲಿಗೆ ಹಾರಿ
ನೆಲಕ್ಕೆ ಚೆಲ್ಲಿತು.
ಎರಡನೆಯದರಲ್ಲಿ ಇದ್ದಲ್ಲೇ ನಡುಗಿತು, ಚಳಿ ಬಂದವರಂತೆ.
ಮೂರನೆಯದು, ಕಪ್ಪು ರಬ್ಬರಿನ ಅಂಚಿನದು,
ಡೊಳ್ಳಿನ ಪೆಟ್ಟಿಗೆ ಎಲ್ಲವನ್ನೂ ಒಟ್ಟಿಗೆ ಎಬ್ಬಿಸಿ
ಒಟ್ಟಿಗೆ ಕೂರಿಸಿತು,
ಪಾಳಿ ಸೈರನ್ನಿಗೆ ಎದ್ದ ಮಂದಿಯ ಹಾಗೆ.
ಅಂಗೈ ಇಟ್ಟೆ. ಇದು, ಅಂದೆ.

"ಇದಕ್ಕೆ ಮ್ಯಾಲಿನ ಸ್ವರ ಮಂದ, ಅಣ್ಣ. ಅಕ್ಕಾರಿಗೆ?"
ಅಕ್ಕಾರಿಗೆ ಎಡಬಾಗಿಲಿಗೆ ಬೆಳ್ಳಿ ಗುಂಡಿಯದು ಹಾಕು,
ಬಲಕ್ಕೆ ನನ್ನದು.
"ಜೋಡಿ ಒಡದ್ರೆ ಉಳಿದ ಒಂಟಿ ಯಾರು ಒಯ್ತಾರೆ?"
ನನ್ನಂಥ ಇನ್ನೊಬ್ಬ ಬಂದೇ ಬರುತ್ತಾನೆ, ದಾದಾ,
ಊರಲ್ಲಿ ಎಷ್ಟು ಮಿಲ್ಲಿದ್ದವು ಲೆಕ್ಕ ಹಾಕು.
ಅವನು ನಗಲಿಲ್ಲ. ಮಿರ್ಚಿ ಮುರಿದು ಅರ್ಧ ಕೊಟ್ಟ,
ಬಿಲ್ಲಿನಲ್ಲಿ ನೂರು ಹೊಡೆದು ಹಾಕಿದ.

ಸಂಜೆ ಅಶೋಕ ರಸ್ತೆ ಗೇಟು ಬಿದ್ದಿತ್ತು.
ಹಿಂದೆ ಮುಂದೆ ಆಟೋ, ಎದುರಿಗೆ ಗೂಡ್ಸು, ಮುಗಿಯದು.
ಕೊಟ್ರಮ್ಮ ತನ್ನ ಬಾಗಿಲಿಗೆ ಕಿವಿ ಕೊಟ್ಟು
ಏನನ್ನೋ ಎಣಿಸುತ್ತಿದ್ದಳು, ತಾಳವಿರಬೇಕು.
ಆಮೇಲೆ ನನಗೆ ತಿಳಿಯದಂತೆ ಗುಂಡಿ ತಿರುಗಿಸಿ
ಸದ್ದು ಇಳಿಸಿದಳು.

ಯಾಕೆ ಕಮ್ಮಿ ಮಾಡಿದೆ, ಅಂದೆ.

ತಿರುಗಿ ನೋಡಿದಳು. "ಕೇಳ್ತಾ?"

ಮೊಣಕಾಲಿಗೆ, ಅಂದೆ.
ಗೂಡ್ಸಿನ ಕೊನೆಯ ಡಬ್ಬಿ ದಾಟಿತು. ಹಿಂದಿನವನು
ಹಾರ್ನು ಬಾರಿಸುತ್ತಿದ್ದಾನೆ ಎಂದು ಅವಳು ಕೈ ಮಾಡಿದಳು.