ಮುದುಕ ಹೇಳಿದ್ದು

ಕಾಂಬೋಡಿಯಾದ ಶಾಂತಿಪಡೆಯಿಂದ ದೊಡ್ಡಪ್ಪ ತಂದದ್ದು
ಸೋಪಿನ ಡಬ್ಬಿಯಷ್ಟು ಬೂದು ಯಂತ್ರ, ನಾಲ್ಕು ಸೆಲ್ಲು.
ಬೆಳಕಿಲ್ಲದ ಪರದೆ, ಕಿಟಕಿಗೆ ವಾಲಿಸಿಯೇ ಆಡಬೇಕು;
ಪಾಚಿಬಣ್ಣದಲ್ಲಿ ಅಕ್ಕಿಕಾಳಷ್ಟು ವೀರ, ಅವನಿಗೊಂದು ಕತ್ತಿ.
ಅಕ್ಷರವೆಲ್ಲ ಜಪಾನಿ.

ಬೊಳ್ಳಮ್ಮಕ್ಕ ಹೆದರಲಿಲ್ಲ. ಓದಿ ಹೇಳಿದಳು:
"ಬಾವಿಕಟ್ಟೆಯ ಅಜ್ಜಿ ಅಂತಾಳೆ, ಕೀಲಿ ನುಂಗಿದ್ದು ಮೀನು.
ಈ ಕಾವಲುಗಾರ ಬರೀ ಹವಾಮಾನ ಹೇಳ್ತಾನೆ, ಬಿಡು."
ಕಾಫಿ ಕ್ಯೂರಿಂಗ್ ರಸೀದಿಯ ಬೆನ್ನಿಗೆ ಗುಹೆ ಬರೆದಳು,
ಬಾವಲಿ ಇದ್ದಲ್ಲಿ ಚುಕ್ಕೆ, ನಾವು ಸತ್ತಲ್ಲಿ ಗುಣಾಕಾರ.
ಮೀನು ಸಿಕ್ಕಿತು. ಕೀಲಿಯೂ.
ಹೇಗೋ.

ಕೊನೆಯ ಬಾಗಿಲಿನ ಮುಂದೆ ಒಬ್ಬ ಮುದುಕ.
ಮಾತಾಡಿಸಿದರೆ ಏಳು ಸಾಲು.
"ಉದ್ದ ಇದೆ, ನಾಳೆ ಹೇಳ್ತೀನಿ" ಎಂದು ಸೇವ್ ಮಾಡಿ ಮಲಗಿದಳು.
ನಾಳೆ ಅವಳ ಹಾಸ್ಟೆಲ್ಲು ಶುರು.

ಮೂವತ್ತು ವರ್ಷ. ಗೋಣಿಕೊಪ್ಪದ ಗಡಿಯಾರದಂಗಡಿ.
ಆಲಿಕುಟ್ಟಿ ಕಾಕ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಇಣುಕಿದ:
"ಒಳಗೊಂದು ಬಟನ್ ಸೆಲ್ಲಿದೆ. ನೆನಪೆಲ್ಲ ಅದರದ್ದೇ.
ಬದಲಿಸಿದರೆ ಆಟ ಉಳೀತದೆ, ಆಡಿದ್ದು ಹೋಗ್ತದೆ.
ಬಿಟ್ಟರೆ, ಈ ಮಳೆಗಾಲ ದಾಟಿದರೆ ಹೆಚ್ಚು."

ಅಲ್ಲಿಂದಲೇ ಕುಟ್ಟಕ್ಕೆ ಫೋನು.
ಒಳ್ಳೆಮೆಣಸು ತೂಗುವ ಗದ್ದಲದೊಳಗೆ ಅವಳು.
"ಅಕ್ಕಾ, ಆ ಮುದುಕ ಏನಂದ?"
"ಯಾವ ಮುದುಕ?"
ಹೇಳಿದೆ. ಬಾಗಿಲು, ಏಳು ಸಾಲು, ನಾಳೆ.
ಇತ್ತ ಕಾಕನ ಬೆಸುಗೆಕಡ್ಡಿ ಕಾದಿತ್ತು.
ಅತ್ತ ತಕ್ಕಡಿ ಒಮ್ಮೆ ಕಿರ್ರೆಂದು ನಿಂತಿತು.
"ಅಯ್ಯೋ, ಅವನಾ?
ಇನ್ನೂ ಅಲ್ಲೇ ನಿಂತಿದ್ದಾನಾ?
ಕೂರೋಕೆ ಹೇಳೋ."