ಮಡಚುವ ಫೋನು

ಪ್ಯಾಂಟಿನ ಉದ್ದ ಕಮ್ಮಿ ಮಾಡಿಸಲು ಬಂದ ಶಾರ್ಜಾದ ಅಂದುಞಿ
ಇಸ್ತ್ರಿ ಮೇಜಿನ ಮೇಲೆ ಫೋನಿಟ್ಟ.
ಪುಸ್ತಕದ ಹಾಗೆ ತೆರೆದ, ಮುಚ್ಚಿದ, ತೆರೆದ.
ಎರಡು ಲಕ್ಷ ಸಲ ಮಡಚಬಹುದಂತೆ.
ಎಣಿಸಿದವ ಯಾರು ಮಾರಾಯ,
ಅವನಿಗೆ ಮನೆ ಮಠ ಇಲ್ಲವಾ?

ನಾನು ಕುಂಬಳೆಯಲ್ಲಿ ಮೂವತ್ತೊಂದು ವರ್ಷ
ಬಟ್ಟೆ ಮಡಚಿದವ. ಹೇಳ್ತೇನೆ ಕೇಳು:
ಲುಂಗಿಯಾಗಲಿ, ನೋಟಾಗಲಿ, ರೇಶನ್ ಕಾರ್ಡಾಗಲಿ
ಹರಿಯುವುದು ಮಡಿಕೆಯಲ್ಲೇ.

ಬೆರಳಾಡಿಸಿದೆ. ನಡುವೆ ಸಣ್ಣದೊಂದು ಏಣು.
"ಗೆರೆ ಎಲ್ಲಿ, ಕಾಣ್ತದಾ?" ಎಂದ.
ಕಾಣುವುದಿಲ್ಲ, ಸರಿ.
ತಲಪಾಡಿಯ ಗಡಿಯೂ ಕಾಣುವುದಿಲ್ಲ,
ಬೋರ್ಡುಗಳು ಮಾತ್ರ
ತಟ್ಟನೆ ಬೇರೆ ಲಿಪಿಯಲ್ಲಿ ಮಾತಾಡ್ತವೆ.

ಇದೂ ಮಾತಾಡ್ತದಂತೆ. ನೋಡುವ ಎಂದು
"ನಾಳೆ ಮಳೆ ಉಂಟಾ?" ಕೇಳಿದೆ.
ಮಲಯಾಳದಲ್ಲಿ ಕ್ಷಮೆ ಕೇಳಿತು.
ತುಳುವಿನಲ್ಲಿ ಬೈದೆ.
ಹತ್ತಿರದ ಹೋಟೆಲಿಗೆ ದಾರಿ ತೋರಿಸಿತು.
ಅಲ್ಲಿ ಮೀನೂಟ ಒಳ್ಳೆಯದುಂಟು,
ಅಷ್ಟು ಮಾತ್ರ ಸುಳ್ಳಲ್ಲ.

ಪ್ಯಾಂಟು ಶುಕ್ರವಾರ ಎಂದೆ.
ಬರೆದಿಟ್ಟುಕೊಳ್ಳಲು ಫೋನು ತೆರೆದ. ಚಾರ್ಜಿಲ್ಲ.
ಹಳೇ ಕ್ಯಾಲೆಂಡರಿನ ಮೂಲೆ ಹರಿದು
"ಶುಕ್ರ, ಅರುವತ್ತು ರೂಪಾಯಿ" ಎಂದು ಗೀಚಿ
ನಾಲ್ಕಾಗಿ ಮಡಚಿ ಅವನ ಕಿಸೆಗೆ ಹಾಕಿದೆ.

ಗ್ಯಾರಂಟಿ ಶುಕ್ರವಾರದವರೆಗೆ.